ಸೊನ್ನೆ ಇಟ್ಟು ನೋಡು

ಕ್ಯುಹೊ ಚೀಲ ಹೆಗಲಿಗೇರಿಸಿಕೊಂಡು ಬೊರಾಮ್‌ಳ ಮೇಜಿನ ಪಕ್ಕದಲ್ಲೇ ಹಾದುಹೋದ. ಒಮ್ಮೆಯೂ ಅವಳತ್ತ ನೋಡಲಿಲ್ಲ.

ಗ್ವಾಂಗ್ಜು ನಗರದ ಆ ಕೋಚಿಂಗ್ ಸೆಂಟರಿನಲ್ಲಿ ಹುಡುಗ ಹುಡುಗಿ ಮಾತಾಡುವಂತಿಲ್ಲ. ಇಬ್ಬರಿಗೂ ಇಪ್ಪತ್ತೊಂದು ವರ್ಷ. ಕಾಲೇಜು ಪ್ರವೇಶ ಪರೀಕ್ಷೆಗೆ ಮತ್ತೆ ಕಟ್ಟಿದವರು. ನಿನ್ನೆ ಕ್ಯುಹೊ ಮೆಟ್ಟಿಲ ಮೇಲೆ ಕೂತು ಅವಳಿಗೆ ಅಸಮತೆಯ ಲೆಕ್ಕ ಹೇಳಿಕೊಡುತ್ತಿದ್ದಾಗ ಮೇಲ್ವಿಚಾರಕಿ ಪ್ಯೊನ್ ಮೇಡಂ ಕೈಗೆ ಸಿಕ್ಕಿಬಿದ್ದಿದ್ದ. "ಮಾತಾಡಿಸಿದ್ದು ನಾನು, ಅವಳದ್ದೇನೂ ತಪ್ಪಿಲ್ಲ" ಅಂದುಬಿಟ್ಟ. ಇವತ್ತು ಅವನನ್ನು ಹೊರಹಾಕಿದರು.

ಪರೀಕ್ಷೆಗೆ ಉಳಿದಿದ್ದು ಒಂದೇ ವಾರ. ಬೊರಾಮ್ ಕೋಟು ಕೂಡ ಹಾಕಿಕೊಳ್ಳದೆ ಬಸ್‌ಸ್ಟಾಪಿಗೆ ಓಡಿದಳು.

"ನನ್ನ ಮುಖ ನೋಡೋಕೂ ಬೇಜಾರಾ ನಿಂಗೆ?"

"ನೋಡಿದ್ರೆ ನಿನ್ನನ್ನೂ ಓಡಿಸ್ತಿದ್ರು ಕಣೇ, ಪೆದ್ದಿ." ಅವನ ಕಿವಿ ಕೆಂಪಾಗಿತ್ತು, ಚಳಿಗೋ ಏನೋ. "ಆ ಲೆಕ್ಕ ಬಂತಾ?"

"ಲೆಕ್ಕ ಹಾಳಾಗಿಹೋಗ್ಲಿ!"

"ಮೊದ್ಲು ಬಿಡಿಸು. ಆಮೇಲೆ ಅಳು."

ಬಸ್‌ಸ್ಟಾಪಿನ ಗಾಜು ಇಬ್ಬನಿ ಕಟ್ಟಿ ಮಸುಕಾಗಿತ್ತು. ಅವಳು ಅದರ ಮೇಲೆ ಬೆರಳಿನಲ್ಲಿ ಬರೆದಳು: (x−1)²(x−4) > 0. ಕೆಳಗೊಂದು ಸಂಖ್ಯಾರೇಖೆ ಎಳೆದು ಒಂದು, ನಾಲ್ಕು ಗುರುತಿಸಿದಳು. ಬಲಗಡೆಯಿಂದ ಪ್ಲಸ್, ಮೈನಸ್, ಪ್ಲಸ್ ಎಂದು ಸರಸರನೆ ಹಾಕಿದಳು.

"ಒಂದರ ಎಡಗಡೆ ಪ್ಲಸ್ ಅಂತ ಯಾರು ಹೇಳಿದ್ರು?"

"ಒಂದು ಬಿಟ್ಟು ಒಂದು ಬರತ್ತಲ್ಲ…"

"ಅಂದಾಜು ಬೇಡ. ಸೊನ್ನೆ ಇಟ್ಟು ನೋಡು."

ಮೈನಸ್ ಒಂದರ ವರ್ಗ ಒಂದು. ಅದನ್ನು ಮೈನಸ್ ನಾಲ್ಕರಿಂದ ಗುಣಿಸಿದರೆ… "ಅಯ್ಯೋ, ಮೈನಸ್ಸು!" ಎರಡು ಇಟ್ಟಳು, ಅದೂ ಮೈನಸ್. ಐದಕ್ಕೆ ಹದಿನಾರು ಬಂತು. "ನಾಲ್ಕಕ್ಕಿಂತ ದೊಡ್ಡದು ಮಾತ್ರ!"

"ಹೂಂ. ವರ್ಗ ಇರೋದ್ರಿಂದ ಒಂದರ ಹತ್ರ ಚಿಹ್ನೆ ಬದಲಾಗಲ್ಲ." ಅವನು ನಕ್ಕ. ಒಂದೇ ಕೆನ್ನೆಯಲ್ಲಿ ಗುಳಿ ಬಿತ್ತು.

ಆ ನಗು ಕಂಡು ಅವಳಿಗೆ ತಡೆಯಲಾಗಲಿಲ್ಲ. "ನಂಗೆ ನೀನಂದ್ರೆ ಇಷ್ಟ ಕಣೋ. ನೀನಿಲ್ದೆ ಆ ಕೋಣೇಲಿ ಉಸಿರು ಕಟ್ಟತ್ತೆ. ಏನಾದ್ರೂ ಹೇಳು, ಬೈದಾದ್ರೂ ಹೋಗು!"

ಅವನು ತನ್ನ ಬೂಟನ್ನೇ ನೋಡುತ್ತ ನಿಂತ. "ನಂಗೂ ಲೆಕ್ಕ ಅಷ್ಟಕ್ಕಷ್ಟೇ. ದಿನಾ ಬೇಗ ಬಂದು ಕಲೀತಿದ್ದೆ. ನೀನು ಕೇಳಿದಾಗ ಗೊತ್ತಿಲ್ಲ ಅನ್ನೋಕೆ ಮನಸ್ಸು ಬರ್ತಿರ್ಲಿಲ್ಲ."

ಬಸ್ಸು ಬಂತು. ಅವಳು ಅವನ ತೋಳು ಹಿಡಿದವಳು ಬಿಡಲಿಲ್ಲ.

"ಪರೀಕ್ಷೆ ಮುಗಿದ ಮಾರನೇ ದಿನ ನಮ್ಮೂರು ಮೊಕ್ಪೊಗೆ ಬಾ," ಅಂದ ಕ್ಯುಹೊ. " ಸ್ಟೇಷನ್ನಲ್ಲಿ ಕಾಯ್ತಿರ್ತೀನಿ."

"ಈ ಸಲಾನೂ ಆಗ್ಲಿಲ್ಲ ಅಂದ್ರೆ?"

"ಆಗ್ದಿದ್ರೂ ಬಾ. ಅಮ್ಮನ ಕೈಲಿ ಮೀನಿನ ಸಾರು ಮಾಡಿಸಿರ್ತೀನಿ."

ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕೊನೆಯದನ್ನು ಒಂದು ಕ್ಷಣ ಹಾಗೇ ಹಿಡಿದು, ಅವನು ಹತ್ತಿದ.

ಎದುರಿಗಿದ್ದ ಸೆಂಟರಿನ ಮಹಡಿಯ ಕಿಟಕಿಯಿಂದ ಪ್ಯೊನ್ ಮೇಡಂ ಕೂಗಿದರು. "ಬೊರಾಮ್! ಯಾರ ಜೊತೆ ಮಾತು ಅಲ್ಲಿ?"

ಬೊರಾಮ್ ಕಣ್ಣೊರೆಸಿಕೊಂಡು, ಬೀದಿಗೆಲ್ಲ ಕೇಳುವಂತೆ ಹೇಳಿದಳು:

"ನನ್ನ ಹುಡುಗನ ಜೊತೆ, ಮೇಡಂ!"