ಕೆಂಪು ಪೆನ್ಸಿಲಿನ ಹೊಟ್ಟೆಕಿಚ್ಚು

ಆ ಶುಕ್ರವಾರವೂ ಮಂಜುಶ್ರೀ ಕೆಂಪು ಪೆನ್ಸಿಲನ್ನು ಚೂಪು ಮಾಡಿಕೊಂಡು, ಡ್ಯಾನ್ಸ್ ಟೀಚರ್ ಭಾನುಪ್ರಿಯಾಳ ಹೆಸರಿದ್ದ ಸಾಲಿನ ಮೇಲೆ ಉದ್ದಕ್ಕೆ ಒಂದು ಗೀಟು ಎಳೆದಳು. ಇದು ಒಂಬತ್ತನೇ ಸಲ.

ಗೀಟು ಎಳೆದಾದ ಮೇಲೆ ಎದೆಯೊಳಗೆ ತಣ್ಣಗಾಗಬೇಕಿತ್ತು. ಆಗಲಿಲ್ಲ. ಇನ್ನೂ ಸ್ವಲ್ಪ ಉರಿಯಿತು.

ಹಳೇಬೀಡಿನಿಂದ ಮಾದಿಹಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ, ತೆಂಗಿನ ತೋಟ ಮುಗಿದು ರಾಗಿ ಹೊಲ ಶುರುವಾಗುವ ಕಡೆ, ಇನ್ನೂರು ಮಕ್ಕಳ ಆ ವಸತಿ ಶಾಲೆ. ಮಂಜುಶ್ರೀ ಅಲ್ಲಿ ಕನ್ನಡ ಟೀಚರು, ಹುಡುಗಿಯರ ಹಾಸ್ಟೆಲಿಗೆ ವಾರ್ಡನ್ನು. ಮೇಲಾಗಿ ಹದಿನೈದು ದಿನಕ್ಕೊಮ್ಮೆ ಪೋಷಕರಿಗೆ ಹೋಗುವ ‘ಅಂಗಳ’ ಎಂಬ ಸುದ್ದಿಪತ್ರಿಕೆಯ ಸಂಪಾದಕಿ. ಎರಡೇ ಹಾಳೆ. ಆದರೆ ಯಾರ ಹಲ್ಲು ಬಿತ್ತು, ಯಾರ ಜ್ವರ ಇಳಿಯಿತು, ಕಬಡ್ಡಿಯಲ್ಲಿ ಯಾರು ಮಂಡಿ ತರಚಿಕೊಂಡರು, ಎಲ್ಲ ಅದರಲ್ಲಿರುತ್ತಿತ್ತು. ತಾಯಂದಿರು ಮಗುವಿನ ಹೆಸರಿದ್ದ ಸಾಲನ್ನು ಕತ್ತರಿಸಿ ದೇವರ ಫೋಟೋದ ಹಿಂದೆ ಸಿಕ್ಕಿಸಿಡುತ್ತಿದ್ದರಂತೆ.

‘ಅಂಗಳ’ದಲ್ಲಿ ಹೆಸರು ಬಂದವರಿಗೆ ಭಾನುವಾರದ ಊಟದಲ್ಲಿ ಅಡುಗೆಯ ಶಿವಗಂಗಮ್ಮ ಒಂದು ಚಮಚ ತುಪ್ಪ ಹೆಚ್ಚಿಗೆ ಬಡಿಸುತ್ತಿದ್ದಳು. ಅದು ಆ ಶಾಲೆಯ ಸಂಪ್ರದಾಯ. ಮಕ್ಕಳಿಗಾಗಿ ಶುರುವಾದದ್ದು, ಕ್ರಮೇಣ ಟೀಚರುಗಳೂ ತಟ್ಟೆ ಹಿಡಿಯತೊಡಗಿದ್ದರು.

ಸ್ಟಾಫ್ ರೂಮಿನ ಹೊರಗೆ ಒಂದು ಬಿಸ್ಕತ್ತಿನ ಡಬ್ಬ. ಸುದ್ದಿ ಇದ್ದವರು ಚೀಟಿ ಬರೆದು ಅದರೊಳಗೆ ಹಾಕಬೇಕು. ಶುಕ್ರವಾರ ಮಧ್ಯಾಹ್ನ ಮಂಜುಶ್ರೀ ಚೀಟಿಗಳನ್ನು ತಿದ್ದುವಳು. ಸಂಜೆ ಶಾಲೆ ಬಿಟ್ಟ ಮೇಲೆ ಅವಳು ಓದುವಳು, ಎದುರಿಗೆ ಕೂತು ಡ್ರಾಯಿಂಗ್ ಮೇಷ್ಟ್ರು ಮಧುಕುಮಾರ್ ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ಉಕ್ಕಿನ ಕಡ್ಡಿಯಿಂದ ಬರೆಯುವನು. ಶನಿವಾರ ಅದನ್ನು ಸೈಕ್ಲೋಸ್ಟೈಲ್ ಮೆಷಿನ್ನಿಗೆ ಹಾಕಿ ಇನ್ನೂರು ಪ್ರತಿ ತೆಗೆಯುವುದು.

ಮೂರು ವರ್ಷದಿಂದ ಹೀಗೇ. ಮಂಜುಶ್ರೀಯ ಹದಿನೈದು ದಿನಗಳೆಲ್ಲ ಆ ಒಂದು ಗಂಟೆಗಾಗಿಯೇ ಉರುಳುತ್ತಿದ್ದವು.

“ಸ್ವಲ್ಪ ನಿಧಾನ ಮಿಸ್. ನಿಮ್ಮ ಬಾಯಿ ಮೇಲ್ ಟ್ರೇನು, ನನ್ನ ಕೈ ಪ್ಯಾಸೆಂಜರ್ರು” ಎನ್ನುತ್ತಿದ್ದ ಅವನು.

“ಹಾಗಾದ್ರೆ ಎಲ್ಲಾ ಸ್ಟೇಷನ್ನಲ್ಲೂ ನಿಂತ್ಕೊಂಡು ಬನ್ನಿ, ಕಾಯ್ತೀನಿ” ಎನ್ನುತ್ತಿದ್ದಳು ಇವಳು.

ಅವನು ತಲೆಯೆತ್ತಿ ಒಂದು ಕ್ಷಣ ನೋಡುವನು. ಆ ನೋಟ ಅವಳ ಕಿವಿಯ ಜುಮುಕಿಯ ಹತ್ತಿರ ಸ್ವಲ್ಪ ಹೊತ್ತು ನಿಂತು, ಮತ್ತೆ ಹಾಳೆಗೆ ಇಳಿಯುವುದು. ಅಷ್ಟೇ. ಅದಕ್ಕಿಂತ ಒಂದು ಮಾತು ಮುಂದೆ ಹೋಗಲು ಇಬ್ಬರಿಗೂ ಧೈರ್ಯವಿರಲಿಲ್ಲ. ಹೋಗದಿದ್ದರೂ ಅವನು ತನ್ನವನೇ ಎಂದು ಮಂಜುಶ್ರೀ ಒಳಗೊಳಗೇ ತೀರ್ಮಾನ ಮಾಡಿಕೊಂಡು ಕೂತಿದ್ದಳು.

ಜೂನ್ ತಿಂಗಳಲ್ಲಿ ಭಾನುಪ್ರಿಯಾ ಬಂದಳು.

ಅರಸೀಕೆರೆಯ ಹುಡುಗಿ. ನಡೆದರೆ ಗೆಜ್ಜೆಯಿಲ್ಲದೆಯೂ ಗೆಜ್ಜೆ ಕೇಳಿಸಬೇಕು, ಅಂಥ ನಡಿಗೆ. ನಕ್ಕರೆ ಇಡೀ ಸ್ಟಾಫ್ ರೂಮು ತಿರುಗಿ ನೋಡುತ್ತಿತ್ತು. ಮೊದಲ ಸಂಚಿಕೆಯಲ್ಲಿ ಅವಳ ಸ್ವಾಗತದ ಸುದ್ದಿಗೆ ನಿಜವಾಗಿಯೂ ಜಾಗವಿರಲಿಲ್ಲ, ಮಂಜುಶ್ರೀ ಒಳ್ಳೆಯ ಮನಸ್ಸಿನಿಂದಲೇ ಅದಕ್ಕೆ ಗೀಟು ಎಳೆದಿದ್ದಳು.

ಆಮೇಲೆ ಮಧುಕುಮಾರ್ ಡ್ಯಾನ್ಸ್ ಕ್ಲಾಸಿಗಾಗಿ ಪರದೆ ಬರೆದುಕೊಟ್ಟ. ಮಕ್ಕಳಿಗೆ ಭಂಗಿ ಕಲಿಸಲಿಕ್ಕೆಂದು ಬೇಲೂರಿಗೆ ವ್ಯಾನು ಹೊರಟಾಗ ಸ್ಕೆಚ್ ಪುಸ್ತಕ ಹಿಡಿದು ಅವನೂ ಹೊರಟ, ಮುಂದಿನ ಸೀಟಿನಲ್ಲಿ ಭಾನುಪ್ರಿಯಾಳ ಪಕ್ಕದಲ್ಲೇ ಕೂತ. ವಾಪಸು ಬಂದು, “ಆ ಕನ್ನಡಿ ಹಿಡಿದ ಶಿಲಾಬಾಲಿಕೆ ಹಾಗೇ ನಿಂತ್ಕೊಂಡ್ರು ರೀ ಭಾನು ಮಿಸ್ಸು, ಒಂದು ಗೆರೆ ಆಚೆ ಈಚೆ ಇಲ್ಲ!” ಎಂದು ಎಲ್ಲರೆದುರು ಬಣ್ಣಿಸಿದ.

ಹುಟ್ಟಿದಾಗಿನಿಂದ ನೋಡಿದ ಆ ಕಲ್ಲಿನ ಹೆಂಗಸರ ಮೇಲೆ ಮಂಜುಶ್ರೀಗೆ ಅವತ್ತಿನಷ್ಟು ಸಿಟ್ಟು ಎಂದೂ ಬಂದಿರಲಿಲ್ಲ.

‘ಬೇಲೂರಿಗೆ ಭಾನುಪ್ರಿಯಾ ಮತ್ತು ಮಧುಕುಮಾರ್ ಮಕ್ಕಳನ್ನು ಕರೆದೊಯ್ದರು’ ಎಂಬ ಚೀಟಿ ಕೈಗೆ ಬಂತು. ಆ ‘ಮತ್ತು’ವನ್ನು ಕಂಡು ಅವಳ ಮೈಯೆಲ್ಲ ಉರಿಯಿತು. ಮೊದಲ ಹೆಸರೂ ‘ಮತ್ತು’ವೂ ಹೋದವು. ‘ಬೇಲೂರಿಗೆ ಮಧುಕುಮಾರ್ ಮಕ್ಕಳನ್ನು ಕರೆದೊಯ್ದರು’ ಎಂದು ಅಚ್ಚಾಯಿತು. ಅಲ್ಲಿಂದ ಮುಂದೆ ಚಟವೇ ಹತ್ತಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಭಾನುಪ್ರಿಯಾ ಅವನಿಗೆ ಕಾಫಿ ಲೋಟ ದಾಟಿಸಿದರೂ ತಪ್ಪು, ದಾಟಿಸದೆ ಸುಮ್ಮನಿದ್ದರೆ ಇನ್ನೂ ತಪ್ಪು.

ಒಂಬತ್ತನೇ ಗೀಟು ಎಳೆದ ಆ ಶುಕ್ರವಾರದ ಸಂಜೆ ಕಡ್ಡಿ ಹಿಡಿದು ಕೂತ ಮಧುಕುಮಾರ್ ಕೇಳಿದ, “ಡ್ಯಾನ್ಸ್ ಸುದ್ದಿ ಈ ಸಲಾನೂ ಇಲ್ವಾ ಮಿಸ್?”

“ಜಾಗ ಇಲ್ಲ.”

“ಎಂಟನೇ ಕ್ಲಾಸಿನ ನಾಯಿಮರಿ ಸುದ್ದಿಗೆ ಆರು ಸಾಲಿದೆ.”

“ನಾಯಿಮರಿ ಪಾಪ, ಎಲ್ಲರ ಕಣ್ಣಿಗೂ ಬೀಳಲ್ಲ. ಅದಕ್ಕೆ ಪತ್ರಿಕೆ ಬೇಕು.”

ಅವನು ತಲೆ ತಗ್ಗಿಸಿದ. ತುಟಿಯ ಮೂಲೆಯಲ್ಲಿ ಒಂದು ನಗು ಕಂಡಿತು. ಭಾನುಪ್ರಿಯಾಳ ನೆನಪಾಗಿ ನಗ್ತಿದಾನೆ ಎಂದುಕೊಂಡ ಮಂಜುಶ್ರೀ, ಉಳಿದ ಸುದ್ದಿಯನ್ನು ಎಕ್ಸ್‌ಪ್ರೆಸ್ಸಿಗಿಂತ ಜೋರಾಗಿ ಓದಿ ಮುಗಿಸಿ ಎದ್ದಳು.

ಸೋಮವಾರ ಶಾಲೆಯ ಸೆಕ್ರೆಟರಿ ಕಲ್ಲೇಶಪ್ಪ ಬಂದರು. ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟುಕೊಂಡಿದ್ದ ಅವರು ಶಾಲೆಗೆ ಬರುವುದು ತಿಂಗಳಿಗೆರಡು ಸಲ. ಮಿಕ್ಕಂತೆ ಶಾಲೆಯ ಕಷ್ಟಸುಖವೆಲ್ಲ ಅವರಿಗೆ ‘ಅಂಗಳ’ದಿಂದಲೇ ತಿಳಿಯಬೇಕು. ಮಂಜುಶ್ರೀಯನ್ನು ಕರೆಸಿ, ಮೇಜಿನ ಮೇಲೆ ಒಂಬತ್ತು ಸಂಚಿಕೆಗಳನ್ನು ಹರಡಿದರು.

“ಏನಮ್ಮಾ, ಆ ಡ್ಯಾನ್ಸ್ ಹುಡುಗಿ ಬಂದು ಐದು ತಿಂಗಳಾಯ್ತು. ಒಂದರಲ್ಲೂ ಆಕೆ ಹೆಸರಿಲ್ಲವಲ್ಲ. ಏನು ಕೆಲಸ ಮಾಡ್ತಾ ಇದಾಳೆ? ಮುಂದಿನ ತಿಂಗಳು ಆಕೆ ಪ್ರೊಬೇಷನ್ನು ಮುಗೀತದೆ. ಕಳಿಸಿಬಿಡೋಣ ಅಂತಿದೀನಿ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಮಂಜುಶ್ರೀ ಬೆರಳಿಗಂಟಿದ್ದ ಕೆಂಪನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಬಾಯಿ ತೆರೆಯಬೇಕಾಗಿಯೇ ಇರಲಿಲ್ಲ. ಸುಮ್ಮನಿದ್ದರೆ ಸಾಕು, ಡಿಸೆಂಬರಿಗೆ ಭಾನುಪ್ರಿಯಾ ಪೆಟ್ಟಿಗೆ ಕಟ್ಟುತ್ತಾಳೆ, ಶುಕ್ರವಾರದ ಸಂಜೆಗಳು ಮತ್ತೆ ತನ್ನವಾಗುತ್ತವೆ. “ಯೋಚನೆ ಮಾಡಿ ಸಾರ್” ಎಂದಷ್ಟೇ ಹೇಳಿ ಹೊರಬಂದಳು. ಖುಷಿಯಾಯಿತು. ನಿಜ ಹೇಳಬೇಕೆಂದರೆ ಊಟದ ಮನೆ ತಲುಪುವವರೆಗೂ ಖುಷಿಯಾಗಿಯೇ ಇತ್ತು.

ಅಲ್ಲಿ ಭಾನುಪ್ರಿಯಾ ಎದುರಿಗೆ ಬಂದು ಕೂತಳು. ಮುದ್ದೆ ಮುರಿಯುತ್ತಾ ನಗುನಗುತ್ತಲೇ, “ಮಂಜುಶ್ರೀ ಮಿಸ್, ನಾನು ಬಂದಾಗಿನಿಂದ ಶಿವಗಂಗಮ್ಮನ ತುಪ್ಪದ ರುಚಿ ನೋಡಿಲ್ಲ. ಅಮ್ಮ ಪ್ರತಿ ಸಲ ಪತ್ರಿಕೆ ತಿರುಗಿಸಿ ತಿರುಗಿಸಿ ನೋಡ್ತಾರೆ, ನಿನ್ನ ಹೆಸರೆಲ್ಲೇ ಅಂತ. ನಾನು ಚೆನ್ನಾಗಿ ಕಲಿಸ್ತಿಲ್ವೇನೋ ಅಂತ ಈಗೀಗ ನಂಗೂ ಅನ್ನಿಸ್ತಿದೆ. ನೀವಾದ್ರೂ ಹೇಳಿ, ಏನು ತಿದ್ಕೋಬೇಕು?” ಎಂದಳು.

ಬಡಿಸುತ್ತಿದ್ದ ಶಿವಗಂಗಮ್ಮ ನಡುವೆ ಬಾಯಿ ಹಾಕಿದಳು. “ಮಕ್ಳು ಕುಣಿಯೋದ್ ನೋಡೋಕೆ ನಾನೇ ಒಲೆ ಬಿಟ್ಟು ಬತ್ತೀನಿ ಕಣವ್ವ. ಪತ್ರಿಕೇಲಿ ಇಲ್ದಿದ್ರೇನು, ಕಣ್ಣಲ್ಲೈತೆ.”

ಮಂಜುಶ್ರೀ ಮುದ್ದೆಯನ್ನು ಅರ್ಧಕ್ಕೇ ಬಿಟ್ಟಳು. ಹೊಟ್ಟೆಕಿಚ್ಚು ಒಳಗೆ ಹಾಗೇ ಇತ್ತು, ಒಂದು ಚೂರೂ ಕಡಿಮೆಯಾಗಿರಲಿಲ್ಲ. ಆದರೆ ಅದರ ಜೊತೆಗೆ ನಾಚಿಕೆಯೂ ಬಂದು ಕೂತಿತು. ಕೈ ತೊಳೆದವಳೇ ಓಡಿದಳು. ಕಲ್ಲೇಶಪ್ಪನವರ ಜೀಪು ಗೇಟಿನ ಹತ್ತಿರ ಹೋಗಿಬಿಟ್ಟಿತ್ತು. ಕೈ ಅಡ್ಡ ಹಾಕಿ ನಿಲ್ಲಿಸಿದಳು.

“ಸಾರ್, ಅವರ ಸುದ್ದಿ ಪ್ರತಿ ಸಲಾನೂ ಬರ್ತಿತ್ತು. ನಾನೇ ಹೊಡೆದುಹಾಕ್ತಿದ್ದೆ.”

“ಯಾಕಮ್ಮಾ?”

“ಹೊಟ್ಟೆಕಿಚ್ಚಿಗೆ ಸಾರ್.”

“ಯಾತರ ಮೇಲೆ? ಡ್ಯಾನ್ಸ್ ಮೇಲಾ?”

“ಅಲ್ಲ ಸಾರ್” ಎಂದಳು ನೆಲ ನೋಡುತ್ತಾ.

ಕಲ್ಲೇಶಪ್ಪ ಅವಳ ಮುಖ ನೋಡಿದರು, ದೂರದಲ್ಲಿ ಡ್ರಾಯಿಂಗ್ ರೂಮಿನ ಕಿಟಕಿ ನೋಡಿದರು, ಕೆಮ್ಮಿದರು. ಮೂರು ಹೆಣ್ಣುಮಕ್ಕಳ ಮದುವೆ ಮಾಡಿದ ಮನುಷ್ಯ. “ಮೊದಲು ಆಕೆಗೆ ಹೇಳು. ಆಮೇಲೆ ಇನ್ನೂರು ಮನೆಗೂ ಗೊತ್ತಾಗೋ ಹಾಗೆ ‘ಅಂಗಳ’ದಲ್ಲಿ ಬರಿ. ಅದನ್ನ ಓದಿ ತೀರ್ಮಾನ ಮಾಡ್ತೀನಿ” ಎಂದು ಜೀಪು ಬಿಡಿಸಿದರು.

ಭಾನುಪ್ರಿಯಾಗೆ ಹೇಳಿದಾಗ ಅವಳು ನಗಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡಿತು. “ನಂಗೆ ತುಂಬಾ ಸಿಟ್ಟು ಬಂದಿದೆ ಮಿಸ್. ಒಂದು ತಿಂಗಳು ನಿಮ್ಮನ್ನ ಮಾತಾಡ್ಸಲ್ಲ” ಎಂದು ಎದ್ದು ಹೋದಳು. ಮಂಜುಶ್ರೀಗೆ ಅದು ನ್ಯಾಯವೆಂದೇ ಅನ್ನಿಸಿತು.

ಕಷ್ಟದ ಶುಕ್ರವಾರ ಇನ್ನೂ ಮುಂದಿತ್ತು. ಆ ತಪ್ಪೊಪ್ಪಿಗೆಯನ್ನು ಅವಳು ಬಾಯಿಬಿಟ್ಟು ಓದಬೇಕು, ಬರೆದುಕೊಳ್ಳುವವನು ಮಧುಕುಮಾರ್!

ಶುಕ್ರವಾರ ಸಂಜೆ ಅವನು ಕಡ್ಡಿ ಹಿಡಿದ. ಅವಳು ಓದಿದಳು. “ಜೂನ್ ತಿಂಗಳಿನಿಂದ ನಮ್ಮ ಶಾಲೆಯ ನೃತ್ಯ ಶಿಕ್ಷಕಿ ಭಾನುಪ್ರಿಯಾ ಅವರು ಅರವತ್ತು ಮಕ್ಕಳಿಗೆ ನೃತ್ಯ ಕಲಿಸಿದ್ದಾರೆ. ಬೇಲೂರಿಗೆ ಮಕ್ಕಳನ್ನು ಕರೆದೊಯ್ದಿದ್ದಾರೆ. ಈ ಸುದ್ದಿಗಳನ್ನೆಲ್ಲ ಸಂಪಾದಕಿಯು ತನ್ನ ಸ್ವಂತ ಅಸೂಯೆಯಿಂದ ಪ್ರಕಟಿಸಲಿಲ್ಲ. ತಪ್ಪು ಸಂಪಾದಕಿಯದು. ಕ್ಷಮಿಸಬೇಕು.”

ಕಡ್ಡಿ ‘ಅಸೂಯೆ’ಯ ಹತ್ತಿರ ನಿಂತಿತು. “ಇದನ್ನೂ ಬರೀಬೇಕಾ?”

“ಬರೀರಿ.”

“ಯಾರಿಗೋಸ್ಕರ ಅಸೂಯೆ ಅಂತ ಬಿಡಿಸಿ ಬರೆದಿಲ್ಲ.”

“ಅದಕ್ಕೆ ಜಾಗ ಇಲ್ಲ” ಎಂದಳು ಅವಳು.

ಅವನು ಒಂದೂ ಮಾತಾಡದೆ ಬರೆದು ಮುಗಿಸಿದ. ಹಾಳೆ ಸುರುಳಿ ಸುತ್ತಿದ, ಹೊರಟುಹೋದ. ತಿರುಗಿಯೂ ನೋಡಲಿಲ್ಲ. ಶನಿವಾರ ಬೆಳಿಗ್ಗೆ ಇನ್ನೂರು ಪ್ರತಿ ತೆಗೆದಿಟ್ಟು, ಮಧ್ಯಾಹ್ನದ ಬಸ್ಸಿಗೆ ತನ್ನ ಊರಾದ ಗೆಂಡೆಹಳ್ಳಿಗೆ ಹೋದನೆಂದು ಯಾರೋ ಹೇಳಿದರು. ಮಂಜುಶ್ರೀ ಹಾಸ್ಟೆಲಿನ ಬಟ್ಟೆ ಎಣಿಸುತ್ತಾ ಎಣಿಸುತ್ತಾ ಮೂರು ಸಲ ಲೆಕ್ಕ ತಪ್ಪಿದಳು. ಇಂಥ ಹೆಣ್ಣನ್ನು ಯಾರು ತಾನೇ ಇಷ್ಟಪಡುತ್ತಾರೆ ಎಂದು ಅತ್ತಳು.

ಭಾನುವಾರ ಶಿವಗಂಗಮ್ಮ ಭಾನುಪ್ರಿಯಾಳ ತಟ್ಟೆಗೆ ತುಪ್ಪದ ತಂಬಿಗೆಯನ್ನೇ ಬಗ್ಗಿಸಿದಳು. “ಐದು ತಿಂಗಳ ಬಾಕಿ ಕಣವ್ವ.” ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಅರಸೀಕೆರೆಯಿಂದ ಕಲ್ಲೇಶಪ್ಪನವರ ಚೀಟಿಯೂ ಬಂತು, ಡ್ಯಾನ್ಸ್ ಟೀಚರ್ ಕೆಲಸ ಖಾಯಂ. ಒಂದು ತಿಂಗಳು ಮಾತಾಡಿಸುವುದಿಲ್ಲ ಎಂದವಳು ಹದಿನೈದನೇ ದಿನಕ್ಕೇ ಬಂದು, “ಅಲ್ಲಾ ಮಿಸ್, ಹೋಗಿ ಹೋಗಿ ಆ ಮೇಷ್ಟ್ರಿಗೋಸ್ಕರ ನನ್ನ ಮೇಲಾ? ವ್ಯಾನಲ್ಲಿ ಬೇಲೂರು ಮುಟ್ಟೋವರೆಗೂ ಮಂಜುಶ್ರೀ ಮಿಸ್ಸು ಹಾಗಂದ್ರು, ಹೀಗಂದ್ರು ಅಂತ ನನ್ನ ಕಿವಿ ತಿಂದಿದಾರೆ” ಎಂದಳು.

ಮಂಜುಶ್ರೀ ನಂಬಲಿಲ್ಲ. ನಂಬಬೇಕೆಂದು ಆಸೆಯಂತೂ ಆಯಿತು.

ಮುಂದಿನ ಸಂಚಿಕೆಯ ಶುಕ್ರವಾರ ಡಬ್ಬ ತೆಗೆದಾಗ ಎಲ್ಲ ಚೀಟಿಗಳ ಕೆಳಗೆ, ತಳದಲ್ಲಿ, ಒಂದು ದಪ್ಪ ಕಟ್ಟು ಸಿಕ್ಕಿತು. ಬಿಚ್ಚಿದರೆ ತಾನೇ ಕೆಂಪು ಗೀಟು ಎಳೆದಿದ್ದ ಹಳೆಯ ಚೀಟಿಗಳು. ಒಂಬತ್ತೂ ಇದ್ದವು. ಸ್ಟೆನ್ಸಿಲ್ ಬರೆದ ಮೇಲೆ ಅವು ಒಲೆ ಸೇರಿದವು ಎಂದುಕೊಂಡಿದ್ದಳು.

“ಅವು ನನ್ನ ಪೆಟ್ಟಿಗೇಲಿದ್ವು” ಎಂದ ಬಾಗಿಲಲ್ಲಿ ನಿಂತಿದ್ದ ಮಧುಕುಮಾರ್.

“ನಿಮಗೆ ಮೊದಲೇ ಗೊತ್ತಿತ್ತಾ?”

“ಮೂರನೇ ಸಲಕ್ಕೆ ಗೊತ್ತಾಯ್ತು. ಗೀಟಿನ ಕೆಳಗೆ ಅಕ್ಷರ ಕಾಣಲ್ವಾ ಮಿಸ್? ನನ್ನ ಹೆಸರಿನ ಪಕ್ಕ ಇದ್ದಾಗ ಪೆನ್ಸಿಲು ಹಾಳೆ ಹರಿಯೋಷ್ಟು ಒತ್ತಿರ್ತಿತ್ತು.” ಅವನು ತಲೆ ತಗ್ಗಿಸಿದ. “ಹೇಳಬೇಕಿತ್ತು, ಹೇಳಲಿಲ್ಲ. ನನಗೋಸ್ಕರ ಒಬ್ರು ಇಷ್ಟು ಉರ್ಕೊಳ್ತಿದಾರಲ್ಲ ಅಂತ ಖುಷಿಯಾಗಿತ್ತು ರೀ. ಭಾನು ಮಿಸ್ಸಿನ ಕೆಲಸಕ್ಕೇ ಕುತ್ತು ಬರುತ್ತೆ ಅಂತ ಹೊಳೀಲೇ ಇಲ್ಲ. ಅವರ ಹತ್ರ ನಾನೂ ಕ್ಷಮೆ ಕೇಳಿದೆ.”

“ಮತ್ತೆ ಅವತ್ತು ಒಂದು ಮಾತೂ ಆಡದೆ ಹೋದ್ರಿ?”

“ಬಾಯಿಬಿಟ್ಟಿದ್ರೆ ಏನೇನೋ ಹೇಳಿಬಿಡ್ತಿದ್ದೆ. ಮೊದಲು ಅವ್ವನ್ನ ಕೇಳಬೇಕಿತ್ತು.” ಜೇಬಿನಿಂದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟ. “ನಂದೊಂದು ಸಣ್ಣ ಸುದ್ದಿ. ಸಂಪಾದಕರು ನೋಡಿ ತಿದ್ದಬೇಕು.”

ಮುತ್ತು ಪೋಣಿಸಿದಂಥ ಅವನದೇ ಅಕ್ಷರ. ‘ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಮಧುಕುಮಾರ್ ಅವರ ತಾಯಿ ಅನುಸೂಯಮ್ಮನವರು ಬರುವ ಭಾನುವಾರ ಹಾರನಹಳ್ಳಿಯ ಪುಟ್ಟಸ್ವಾಮಿಯವರ ಮನೆಗೆ ಹೆಣ್ಣು ಕೇಳಲು ಹೋಗುವವರಿದ್ದಾರೆ. ಹುಡುಗಿಯ ಒಪ್ಪಿಗೆ ಇನ್ನೂ ತಿಳಿದುಬಂದಿಲ್ಲ.’

ಹಾರನಹಳ್ಳಿಯ ಪುಟ್ಟಸ್ವಾಮಿ ಮಂಜುಶ್ರೀಯ ಅಪ್ಪ.

ಅವಳು ಎರಡು ಸಲ ಓದಿದಳು. ಕೆಂಪು ಪೆನ್ಸಿಲನ್ನು ಕೈಗೆತ್ತಿಕೊಂಡಳು. ಮಧುಕುಮಾರನ ಮುಖದಿಂದ ರಕ್ತವೇ ಇಳಿದುಹೋಯಿತು. ಪೆನ್ಸಿಲು ಮೊದಲು ‘ಭಾನುವಾರ’ದ ಮೇಲೆ ಒಂದು ಗೀಟು ಎಳೆದು, ಮೇಲುಗಡೆ ‘ಬುಧವಾರ’ ಎಂದು ಬರೆಯಿತು. ಆಮೇಲೆ ಕೊನೆಯ ವಾಕ್ಯವನ್ನು ಪೂರ್ತಿ ಹೊಡೆದುಹಾಕಿತು.

“ತಿಂಗಳ ಎರಡನೇ ಭಾನುವಾರ ಪೇರೆಂಟ್ಸ್ ಬರೋ ದಿನ ರೀ. ವಾರ್ಡನ್ನು ಹಾಸ್ಟೆಲ್ ಬಿಟ್ಟು ಮನೇಲಿ ಹೇಗಿರ್ತಾಳೆ? ಮೂರು ವರ್ಷದಿಂದ ಇದೀರಿ, ಅಷ್ಟೂ ಗೊತ್ತಿಲ್ವಾ?” ಎಂದು ಗದರಿದಳು. ಗದರುವಾಗಲೇ ಕಣ್ಣೀರು ಹಾಳೆಯ ಮೇಲೆ ಬಿತ್ತು.

“ಮತ್ತೆ ಉಳಿದ ಸುದ್ದಿ?” ಎಂದು ಕೇಳಿದ ಅವನು, ಮೆಲ್ಲಗೆ.

“ಉಳಿದದ್ದಕ್ಕೆ ಜಾಗ ಇದೆ. ಕೂತ್ಕೊಳ್ಳಿ, ಓದ್ತೀನಿ. ನಿಧಾನಕ್ಕೇ ಓದ್ತೀನಿ.”