ಮದ್ದು ಕಾಣದ ಚೌಕ

"ಇದೊಂದು ಚೌಕಕ್ಕೆ ಎಂತಕ್ಕೆ ಮದ್ದು ಹೊಡಿಲಿಲ್ಲ?"

ಕಾಗಾಲ ಊರಿನ ಗದ್ದೆಯಂಚಿನಲ್ಲಿ ಅಡ್ಡ ನಿಂತು ಕೇಳಿದಳು ವಿನುತಾ. ಮೂಗಿಗೆ ಕಟ್ಟಿದ ಮಾಸ್ಕ್ ತೆಗೆದು ಅವನು ನಕ್ಕ. ಆ ನಗುವಿಗೆ ಅವಳ ಸಿಟ್ಟು ಅರ್ಧ ಇಳಿದೇ ಹೋಯಿತು... ಆದರೂ ದಾರಿ ಬಿಡಲಿಲ್ಲ!

ಅವನು ಲೋಕೇಶ. ಕಂಪನಿಯೊಂದರ ಹೊಸ ಕೀಟನಾಶಕದ ಪರೀಕ್ಷೆಗೆ ಅವಳಮ್ಮ ಮಾದೇವಿಯ ಭತ್ತದ ಗದ್ದೆ ಗೊತ್ತು ಮಾಡಿಕೊಂಡಿದ್ದ. ಮದ್ದು ಕೆಲಸ ಮಾಡಿತೋ ಇಲ್ಲವೋ ತಿಳಿಯಲು, ಮದ್ದೇ ಕಾಣದ ಒಂದು ಚೌಕ ಪಕ್ಕದಲ್ಲಿ ಇರಲೇಬೇಕು ಎಂದ.

ಅವಳ ತಲೆಯಲ್ಲಿ ಇನ್ನೂ ನೂರು ಪ್ರಶ್ನೆ. ದೊಡ್ಡದು ಒಂದೇ. ಗದ್ದೆಯಾಚೆ ಅಘನಾಶಿನಿ, ಅಮ್ಮ ಬಳಚು ಎಂಬ ಚಿಪ್ಪುಮೀನು ಆರಿಸುವ ಹೊಳೆ. ಮದ್ದು ಅಲ್ಲಿಗೆ ಹೋದರೆ?

ಅವನು ಹೊಳೆಯಂಚಿಗೆ ನೆಟ್ಟ ಹಳದಿ ಕಾಗದ ತೋರಿಸಿದ. ಮದ್ದಿನ ಹನಿ ಹಾರಿ ಬಿದ್ದಲ್ಲಿ ನೀಲಿ ಚುಕ್ಕೆ ಮೂಡುತ್ತದಂತೆ.

ಅಂದಿನಿಂದ ಅವಳು ದಿನವೂ ಬಂದಳು. ಅವನು ಹುಳ ಎಣಿಸಿ ಪುಸ್ತಕದಲ್ಲಿ ಬರೆಯುವುದನ್ನು ನೋಡಿದಳು. ತಪ್ಪಿದರೆ ಅವನು ಅಳಿಸುತ್ತಿರಲಿಲ್ಲ. ಒಂದೇ ಗೆರೆ ಎಳೆದು, ಪಕ್ಕದಲ್ಲಿ ಕಾರಣ, ಸಹಿ, ತಾರೀಖು. ನಿಯಮವಂತೆ! 'ಎಂಥ ಮನುಷ್ಯನಪ್ಪಾ ಇವನು...' ಎಂದುಕೊಂಡಳು, ನಾಳೆ ಬೇಗ ಬರಬೇಕು ಎಂದೂ ಅಂದುಕೊಂಡಳು.

ಎರಡನೇ ಸಲ ಮದ್ದು ಹೊಡೆದ ದಿನ ಗಾಳಿ ಹೊಳೆಯ ಕಡೆ ತಿರುಗಿತು. ಕಾಗದದ ಮೇಲೆ ಹನ್ನೊಂದು ನೀಲಿ ಚುಕ್ಕೆ. ಇಬ್ಬರೂ ಎಣಿಸಿದರು, ಅವನು ಬರೆದುಕೊಂಡ.

ಮರುದಿನ ಇನ್ನೊಂದು ಎಡವಟ್ಟು. ಮದ್ದು ಕಾಣದ ಚೌಕವನ್ನು ಹುಳ ತಿನ್ನುವುದು ನೋಡಲಾರದೆ ಮಾದೇವಿ ಅದಕ್ಕೆ ಒಲೆಬೂದಿ ಎರಚಿಬಿಟ್ಟಿದ್ದಳು!

"ಇದನ್ನ ಬರೀಬೇಡಿ... ಅಮ್ಮಂಗೆ ಗೊತ್ತಿಲ್ದೆ ಆತು," ವಿನುತಾ ಬೇಡಿಕೊಂಡಳು.

ಅವನು ತಲೆ ತಗ್ಗಿಸಿ ಬರೆದ.

ಬೂದಿ ಬಿದ್ದ ಚೌಕ ಹೋಲಿಕೆಗೆ ಬಾರದೆಂದು ಗದ್ದೆ ಪರೀಕ್ಷೆಯಿಂದ ಹೊರಬಿತ್ತು. ಊರವರು ಅಮ್ಮನನ್ನು ಆಡಿಕೊಂಡರು. 'ಅವನಿಗೆ ನಾನು ಇಷ್ಟೇ ಏನು?' ವಿನುತಾಳಿಗೆ ಅಳು ನಿಲ್ಲಲಿಲ್ಲ. ಅವನ ಫೋನ್ ಬಂದರೂ ಎತ್ತಲಿಲ್ಲ.

ತಿಂಗಳ ಮೇಲೆ ಲೋಕೇಶ ಮನೆಗೇ ಬಂದ. ಹೊಳೆಗೆ ಮದ್ದು ಹಾರಿದ್ದನ್ನು ಕಂಪನಿಯವರು ಒಪ್ಪಿರಲಿಲ್ಲವಂತೆ. ಆದರೆ ಪರೀಕ್ಷೆಯ ದಾಖಲೆ ನೋಡುವ ಗುಣಮಟ್ಟದ ತಪಾಸಣೆಯವರು ಅವನ ಪುಸ್ತಕ ನಂಬಿದರು. ಇನ್ನು ಹೊಳೆ ಪಕ್ಕ ಆ ಮದ್ದು ಹೊಡೆಯುವಂತಿಲ್ಲ.

"ಬೂದಿ ವಿಷ್ಯ ಮುಚ್ಚಿಟ್ಟಿದ್ರೆ ಚುಕ್ಕೆನ ಯಾರು ನಂಬ್ತಿದ್ರು, ವಿನುತಾ?"

ಅವಳ ಕಣ್ಣು ತುಂಬಿತು. ಅವನು ಪುಟದ ಜೆರಾಕ್ಸ್ ಮುಂದೆ ಹಿಡಿದ. ಬೂದಿ ಎರಚಿದ್ದಕ್ಕೆ ಕಾರಣದ ಜಾಗದಲ್ಲಿ 'ಗದ್ದೆಯ ಒಡತಿಗೆ ಪೈರಿನ ಮೇಲೆ ಕರುಣೆ' ಎಂದಿತ್ತು. ಅದರ ಮೇಲಿನ ಸಾಲಿನಲ್ಲಿ 'ಹದಿನಾಲ್ಕು ಹುಳ' ಎಂಬುದಕ್ಕೆ ಒಂದು ಗೆರೆ ಎಳೆದು, ಪಕ್ಕದಲ್ಲಿ 'ಒಂಬತ್ತು' ಎಂದು ತಿದ್ದಿತ್ತು. ಕಾರಣ, 'ಎಣಿಸುವವನ ಗಮನ ಬೇರೆ ಕಡೆ ಇತ್ತು.'

"ಎಲ್ಲಿತ್ತು ಗಮನ?"

"ನೂರು ಪ್ರಶ್ನೆ ಕೇಳೋರ ಮೇಲೆ."

"ಮತ್ತೆ ಹೆಸರು ಎಂತಕ್ಕೆ ಬರೀಲಿಲ್ಲ?"

"ನಿಮ್ಮನ್ನ ಕೇಳದೆ ಬರೀಲಿಕ್ಕೆ ಆಗ್ತದಾ?"

ವಿನುತಾ ಅವನ ಜೇಬಿನಿಂದ ಪೆನ್ನು ತೆಗೆದಳು. ಕಾರಣದ ಪಕ್ಕ ನಿಧಾನವಾಗಿ ತನ್ನ ಹೆಸರು ಬರೆದಳು.

"ತಾರೀಖು ಯಾವ್ದು ಹಾಕ್ಲಿ?"

"ಒಪ್ಪಿದ ದಿನದ್ದು," ಎಂದ ಲೋಕೇಶ. "ಅದೂ ನಿಯಮ."

ಅವಳು ಇವತ್ತಿನದು ಹಾಕಿದಳು.