ಅಡ್ಡಿ ಎಲ್ಲಿದೆ?

"ಎದುರಿಗಿರೋರನ್ನ ನೋಡಿ. ಅವರು ಏನು ಮಾಡ್ತಾರೋ ಅದನ್ನಷ್ಟೇ ಬರೀರಿ. ಸುಂದರ, ಗಂಭೀರ, ಮುಗ್ಧ... ಇಂಥ ಒಂದು ಪದ ಬಂದ್ರೂ ಹೊಡೆದು ಹಾಕ್ತೀನಿ" ಎಂದರು ಮೇಷ್ಟ್ರು.

ಅದು ಸಂಜೆಯ ಕಥಾ ತರಗತಿಯ ಮೊದಲ ದಿನ. ಗ್ರಂಥಾಲಯದ ಮೇಲಿನ ಮಹಡಿಯ ಕೋಣೆ. ಲಿಫ್ಟ್ ಕೆಟ್ಟಿದ್ದರಿಂದ ಮೆಟ್ಟಿಲು ಹತ್ತಿ ಬಂದ ಅವಳ ಉಸಿರು ಇನ್ನೂ ಹದಕ್ಕೆ ಬಂದಿರಲಿಲ್ಲ. ಎದುರು ಕುರ್ಚಿಯಲ್ಲಿ ಗುರುತಿಲ್ಲದ ಗಂಡಸು. ಮಡಿಸಿದ ತೋಳಿನ ಅಂಚಿನಲ್ಲಿ ಗ್ರೀಸಿನ ಕಲೆ.

ಮೊದಲು ಅವನೇ ಓದಿದ.

"ಅವರು ಪೆನ್ನಿನ ಕ್ಯಾಪು ತೆಗೆದರು. ಹಾಕಿದರು. ನನ್ನ ಬಾಯಿ ನೋಡಿದರು. ಕಿಟಕಿ ಕಡೆ ತಿರುಗಿದರು. ಮತ್ತೆ ನನ್ನ ಬಾಯಿ ನೋಡಿದರು."

ತರಗತಿ ಗೊಳ್ಳೆಂದಿತು. ಅವಳ ಕಿವಿ ಬಿಸಿಯಾಯಿತು.

"ಅದು... ನಾನು ಹಲ್ಲಿನ ಸೆಟ್ ಮಾಡೋ ಲ್ಯಾಬಲ್ಲಿರೋದು. ನಿಮ್ಮ ಮುಂದಿನ ಹಲ್ಲೊಂದು ಕಟ್ಟಿಸಿದ್ದು. ಬಣ್ಣ ಹೊಂದಿಲ್ಲ. ಅದಕ್ಕೇ ನೋಡ್ದೆ."

ಅವನು ಬಾಯಿ ಮುಚ್ಚಿಕೊಂಡ. ಆಮೇಲೆ ತಡೆಯಲಾರದೆ ನಕ್ಕುಬಿಟ್ಟ. ಆ ಹಲ್ಲು ಮತ್ತೆ ಕಂಡಿತು.

ಅವನ ಕೆಲಸ ಲಿಫ್ಟ್ ರಿಪೇರಿ ಎಂದು ಅವತ್ತೇ ಮೆಟ್ಟಿಲಿಳಿಯುವಾಗ ತಿಳಿಯಿತು.

"ಮತ್ತೆ ಈ ಲಿಫ್ಟು?" ಎಂದಳು.

"ಇದು ನಮ್ಮ ಕಂಪನೀದಲ್ಲ ರೀ. ಮುಟ್ಟಿದ್ರೆ ಕೆಲಸ ಹೋಗುತ್ತೆ. ಎಲ್ಲರ ಜೊತೆ ನಾನೂ ಹತ್ತಿ ಸಾಯೋದೇ."

ಅಂದಿನಿಂದ ತರಗತಿ ಮುಗಿದ ಮೇಲೆ ಇಬ್ಬರೂ ಬಸ್‌ ಸ್ಟಾಪಿನವರೆಗೆ ಜೊತೆಯಾಗಿಯೇ ನಡೆದರು. ಆಡುತ್ತಿದ್ದುದೆಲ್ಲ ಬರೀ ಪಾತ್ರಗಳ ಮಾತು. ಅವಳ ಕಥೆಯ ಮುದುಕಿ ಯಾಕೆ ಮಗಳ ಹತ್ತಿರ ಮಾತು ಬಿಟ್ಟಳು, ಅವನ ಕಥೆಯ ಕಾವಲುಗಾರ ಬಾಗಿಲು ತೆಗೆಯಬೇಕೋ ಬೇಡವೋ... ಸ್ವಂತದ್ದನ್ನು ಕೇಳಲು ಇಬ್ಬರಿಗೂ ಸಂಕೋಚ. ಗಂಡಸಿಗೆ ಮದುವೆಯಾಗಿದೆಯೋ ಇಲ್ಲವೋ ನೋಡಿದರೆ ಗೊತ್ತಾಗುವುದೂ ಇಲ್ಲವಲ್ಲ.

ಮೇಷ್ಟ್ರು ಪ್ರತಿ ವಾರ ಎರಡೇ ಪ್ರಶ್ನೆ ಕೇಳುತ್ತಿದ್ದರು. ನಿಮ್ಮ ಪಾತ್ರಕ್ಕೆ ಏನು ಬೇಕು? ಅದಕ್ಕೆ ಅಡ್ಡಿ ಎಲ್ಲಿದೆ?

ಲ್ಯಾಬಿನಲ್ಲಿ ಮೇಣದ ಅಚ್ಚಿನಲ್ಲಿ ಹಲ್ಲುಗಳನ್ನು ಒಂದೊಂದಾಗಿ ಕೂರಿಸುತ್ತಾ ಅವಳು ತನ್ನನ್ನೇ ಕೇಳಿಕೊಂಡಳು. ನನಗೆ ಏನು ಬೇಕು? ಆ ನಡಿಗೆ ಬೇಕು. ಬಸ್ಸು ತಡವಾಗಿ ಬರಬೇಕು. ಆಮೇಲೆ...? ಅದರಾಚೆಗೆ ಯೋಚಿಸಲು ಹೆದರಿಕೆ. ಹಿಂದೊಮ್ಮೆ ಗೊತ್ತಾಗಿದ್ದ ಮದುವೆ, ಆ ಗಂಡಿಗೆ ಬೇರೆ ಊರಲ್ಲಿ ಸಂಸಾರವಿದೆಯೆಂದು ತಿಳಿದು ಮುರಿದುಬಿದ್ದಿತ್ತು. ಆಮೇಲೆ ಅವಳು ಯಾರನ್ನೂ ಹತ್ತಿರ ಬಿಟ್ಟುಕೊಂಡಿರಲಿಲ್ಲ.

ಅವಳಿದ್ದುದು ಅಕ್ಕನ ಮನೆಯಲ್ಲಿ. ಅಕ್ಕ ಈಗ ಹೊಸ ಸಂಬಂಧವೊಂದನ್ನು ಹಿಡಿದುಕೊಂಡು ಕೂತಿದ್ದಳು. "ಭಾನುವಾರ ಅವರಿಗೆ ಏನಾದ್ರೂ ಹೇಳ್ಬೇಕು ಕಣೇ. ಹೂಂ ಅನ್ನು, ಇಲ್ಲ ಊಹೂಂ ಅನ್ನು. ಬಾಯಲ್ಲಿ ಮೇಣ ಇಟ್ಕೊಂಡೋರ ಥರ ಕೂರಬೇಡ."

ಊಹೂಂ ಅನ್ನುತ್ತೇನೆ, ಯಾಕೆ ಎಂದೂ ಹೇಳುತ್ತೇನೆ. ಹಾಗೆಂದುಕೊಂಡೇ ಅವಳು ಆ ಸಂಜೆ ತರಗತಿಗೆ ಹೋದಳು.

ಅವತ್ತು ಅವನು ಕಥೆ ಓದುವ ಸರದಿ.

ಕಥೆಯಲ್ಲೊಬ್ಬ 'ನಾನು'. ಲಿಫ್ಟ್ ರಿಪೇರಿಯವನು. ಒಬ್ಬ ಹೆಂಗಸಿನ ಜೊತೆ ಪ್ರತಿ ವಾರ ಮೆಟ್ಟಿಲಿಳಿಯುತ್ತಾನೆ. ಅವಳ ಬೆರಳಲ್ಲಿ ಮೇಣದ ವಾಸನೆ. ಅವಳು ನಕ್ಕಾಗ ಕೈ ಅಡ್ಡ ಹಿಡಿಯುತ್ತಾಳೆ, ಬೇರೆಯವರ ಹಲ್ಲನ್ನು ಮಾತ್ರ ಧೈರ್ಯವಾಗಿ ನೋಡುತ್ತಾಳೆ...

ಅವಳು ಬೆರಳುಗಳನ್ನು ಮೂಗಿನ ಹತ್ತಿರ ತಂದಳು. ಇದು ನಾನೇ ಅಲ್ಲವಾ?

"ಅವಳನ್ನು ಬಸ್ಸು ಹತ್ತಿಸಿ ಮನೆಗೆ ಬಂದೆ" ಎಂದು ಅವನು ಓದಿದ. "ಹೆಂಡತಿ ಬಾಗಿಲು ತೆಗೆದಳು. ಯಾಕೆ ತಡ ಅಂತ ಕೇಳಲಿಲ್ಲ."

ಮುಂದಿನದು ಅವಳಿಗೆ ಕೇಳಿಸಲಿಲ್ಲ. ತಲೆನೋವೆಂದು ಯಾರಿಗೋ ಹೇಳಿ ಬೇಗ ಎದ್ದು ಹೋದಳು.

"ಕಥೆ ತಾನೆ?" ಎಂದಳು ಅಕ್ಕ, ಎಲ್ಲ ಕೇಳಿಸಿಕೊಂಡು.

"ಅವರು 'ನಾನು' ಅಂತ ಬರೆದಿದಾರೆ ಅಕ್ಕ. ಲಿಫ್ಟು ನಿಜ, ಮೆಟ್ಟಿಲು ನಿಜ, ನನ್ನ ಬೆರಳು ನಿಜ. ಹೆಂಡತಿ ಒಬ್ಬಳು ಸುಳ್ಳಾ?"

"ಬಾಯಿಬಿಟ್ಟು ಕೇಳಿದ್ಯಾ?"

"ಮದುವೆ ಆಗಿದೆಯಾ ಅಂತ ಕೇಳಿದ್ರೆ, ನಿಮಗ್ಯಾಕೆ ಅನ್ನಲ್ವಾ? ಆಗ ಏನು ಹೇಳಲಿ?"

ಅಕ್ಕ ಅವಳ ತಟ್ಟೆಯನ್ನು ಹತ್ತಿರಕ್ಕೆ ಸರಿಸಿ ತಲೆ ಸವರಿದಳು, ಅಷ್ಟೇ.

ಕಥೆಯಲ್ಲೇ ನನಗೆ ತಿಳಿಸಿದರಾ, ದೂರ ಇರು ಅಂತ? ಅಥವಾ ಸುಮ್ಮನೆ ಬರೆದದ್ದಾ? ಸುಮ್ಮನೆ ಬರೆದವರು ನನ್ನತ್ತ ನೋಡಿಕೊಂಡು ಯಾಕೆ ಓದಿದರು? ಎಷ್ಟು ತಿರುವಿ ಹಾಕಿದರೂ ತುದಿ ಸಿಗಲಿಲ್ಲ.

ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಮುದುಕಿಯ ಕಥೆ ಎತ್ತಿಟ್ಟು ಹೊಸದೊಂದು ಬರೆದಳು. ಅದರಲ್ಲೂ ಒಬ್ಬ 'ನಾನು'.

ಮುಂದಿನ ವಾರ ಅವಳ ಸರದಿ. ಅವನು ಕಿಟಕಿಯ ಪಕ್ಕ ಕೂತಿದ್ದ. ಅವಳು ಆ ಕಡೆ ನೋಡದೆ ಓದಿದಳು. ಕೊನೆಯ ಸಾಲು ಬಂದಾಗ ಧ್ವನಿ ಸಣ್ಣದಾಯಿತು.

"ಅಕ್ಕ ತಂದ ಸಂಬಂಧಕ್ಕೆ ನಾನು ಒಪ್ಪಿಕೊಂಡೆ. ಬರುವ ತಿಂಗಳು ಮದುವೆ. ಮೆಟ್ಟಿಲಿಳಿಯುವ ಕಾಲುಗಳು ಈಗ ನೋಯುವುದಿಲ್ಲ."

ಕುರ್ಚಿ ಸರಿದ ಸದ್ದು. ತಲೆ ಎತ್ತಿದಾಗ ಅವನು ಹೊರಗೆ ಹೋಗಿದ್ದ.

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ಈ ಮದುವೆ ಎಲ್ಲಿಂದ ಉದುರಿತಮ್ಮ? ಹಿಂದೆ ಒಂದು ಸುಳಿವಿಲ್ಲ. ಆ ಲಿಫ್ಟ್ ಕಥೆಗೂ ಇದೇ ರೋಗ. ಅಡ್ಡಿ ಎಲ್ಲಿದೆ ಅಂತ ಕೇಳಿದ್ದೇ ತಪ್ಪಾಯ್ತು, ಒಬ್ಬ ಹೆಂಡತೀನ ತಂದು ಬಾಗಿಲಲ್ಲಿ ನಿಲ್ಲಿಸಿಬಿಟ್ಟ."

"ತಂದು ನಿಲ್ಲಿಸಿದ್ರು... ಅಂದ್ರೆ?"

"ಮೊದಲು ಬರ್ಕೊಂಡು ಬಂದಾಗ ಹೆಂಡತಿ ಗಿಂಡತಿ ಯಾರೂ ಇರಲಿಲ್ಲ. ಒಂಟಿ ಮನುಷ್ಯ. ಬೀಗ ತೆಗೆದು ಒಳಗೆ ಹೋಗ್ತಿದ್ದ. ಅದೇ ಚೆನ್ನಾಗಿತ್ತು." ಅವರು ಅವಳ ಮುಖ ನೋಡಿದರು. "ಯಾಕಮ್ಮ, ಮತ್ತೆ ತಲೆನೋವಾ?"

ಅವಳು ಆಗಲೇ ಬಾಗಿಲು ದಾಟಿದ್ದಳು.

ಕೆಳಗೆ, ಕೆಟ್ಟ ಲಿಫ್ಟಿನ ಮುಂದೆ ಅವನು ನಿಂತಿದ್ದ. ಗುಂಡಿಯ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸುತ್ತಿದ್ದ.

"ನಿಮಗೆ ಹೆಂಡತಿ ಇಲ್ವಾ?" ಏದುಸಿರಿನಲ್ಲೇ ಕೇಳಿದಳು.

ಅವನು ತಬ್ಬಿಬ್ಬಾದ. "ಇಲ್ಲ. ಇದ್ದಿದ್ರೆ ಅವಳ ಪಾತ್ರ ಇನ್ನೊಂಚೂರು ಚೆನ್ನಾಗಿ ಬರೀತಿದ್ದೆ. ಮೇಷ್ಟ್ರು ಅಡ್ಡಿ ಅಡ್ಡಿ ಅಂತ ಪ್ರಾಣ ತಿಂದ್ರು. ನನಗೆ ಬೇರೆ ಏನೂ ಹೊಳೀಲಿಲ್ಲ."

"ನನ್ನ ಹತ್ರ ಮೊದಲೇ ಹೇಳಬಾರದಿತ್ತಾ?"

"ಕಥೆ ಅಂತ ನಿಮಗೆ ಗೊತ್ತಾಗುತ್ತೆ ಅಂದ್ಕೊಂಡೆ. ನೀವೂ ಅದೇ ಕ್ಲಾಸಲ್ಲಿ ಕೂತಿದ್ರಲ್ಲ." ಮತ್ತೆ ಗುಂಡಿಯತ್ತ ತಿರುಗಿದ. "ಬರುವ ತಿಂಗಳು ಅಂದ್ರಿ..."

"ನೀವೂ ಅದೇ ಕ್ಲಾಸಲ್ಲಿ ಕೂತಿರ್ಲಿಲ್ವಾ?"

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಲಿಫ್ಟಿನ ಬಾಗಿಲಿಗೆ ಒರಗಿ ನಿಂತುಬಿಟ್ಟ.

"ಒಪ್ಪಿಲ್ವಾ?"

"ಭಾನುವಾರ ಇಲ್ಲ ಅಂತ ಹೇಳಿ ಕಳ್ಸಿದ್ದೀನಿ. ನಿಮ್ಮ ಮೇಲೆ ಸಿಟ್ಟಿದ್ರೂ ಹೂಂ ಅನ್ನೋಕಾಗ್ಲಿಲ್ಲ." ಅವಳು ಮೆಟ್ಟಿಲ ಮೇಲೆ ಕೂತಳು. "ಮೊದಲು ಬರೆದಿದ್ರಲ್ಲ, ಅದರ ಕೊನೇಲಿ ಏನಿತ್ತು?"

"ಬೀಗ ತೆಗೆದು ಒಳಗೆ ಹೋಗ್ತಾನೆ. ಮಾರನೇ ದಿನ ಅವಳನ್ನ ಕೇಳ್ತಾನೆ. ಅವಳು ಒಪ್ಕೋತಾಳೆ."

"ಅಷ್ಟೇನಾ?"

"ಅಷ್ಟೇ. ಇಷ್ಟು ಸುಲಭವಾಗಿ ಯಾರೂ ಒಪ್ಪಲ್ಲ ಅಂದ್ರು ಮೇಷ್ಟ್ರು."

ಅವಳಿಗೆ ನಗು ಬಂತು. ಈ ಸಲ ಕೈ ಅಡ್ಡ ಹಿಡಿಯಲಿಲ್ಲ.

"ನಾಳೆ ಬೆಳಿಗ್ಗೆ ಲ್ಯಾಬಿಗೆ ಬನ್ನಿ" ಎಂದಳು. "ಆ ಹಲ್ಲಿನ ಬಣ್ಣ ಹೊಂದಿಸಬೇಕು. ಹಗಲು ಬೆಳಕಲ್ಲಿ, ಹತ್ತಿರದಿಂದ ನೋಡ್ಬೇಕು."

"ತುಂಬಾ ಹೊತ್ತಾಗುತ್ತಾ?"

"ಆಗುತ್ತೆ. ಅಷ್ಟರಲ್ಲಿ ನೀವು ಕೇಳೋದನ್ನ ಕೇಳಿ."

"ಬಾಯಿ ತೆರ್ಕೊಂಡು ಕೂತ್ರೆ ಹೇಗೆ ಕೇಳ್ಲಿ?"

"ಹಾಗಾದ್ರೆ ಈಗಲೇ ಕೇಳಿ" ಎಂದು ಅವಳು ಮೆಟ್ಟಿಲಿನ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದಳು.